ಹಲಗೆಯ ಬಾಡಿಗೆ

ಮೊದಲಿಗೆ ಗಾಡಿ ಒಳಗೇ ಬರಲಿಲ್ಲ.
ವಿಲ್ಸನ್ ಗಾರ್ಡನ್ನಿನ ನಮ್ಮ ಕ್ರಾಸಿನ ಚರಂಡಿ ಕಲ್ಲಿಗೂ
ಅದರ ಗದ್ದಕ್ಕೂ ನಡುವೆ
ಬೆಂಕಿಪೊಟ್ಟಣ ತೂರುವಷ್ಟೂ ಸಂದಿಲ್ಲ.
ಎದುರು ಸೈಟಿನ ಮೇಸ್ತ್ರಿ ದುರುಗಪ್ಪ, ಲಿಂಗಸುಗೂರಿನ ಕಡೆಯವನು,
ಎರಡು ಸೆಂಟ್ರಿಂಗ್ ಹಲಗೆ ಹೊತ್ತು ತಂದ.
ಬಾಡಿಗೆ ಎಷ್ಟಪ್ಪಾ ಅಂದೆ.
'ಒಂದು ಡಬ್ಬಿ ಸುಟ್ಟೆಣ್ಣಿ ಕೊಡ್ರಿ, ಸಾಕು.'

ಹಲಗೆ ಹತ್ತಿ ಗುಂಡಿಯ ಮೇಲೆ ಬಂದು ನಿಂತಿತು
ಹಾಗಲಕಾಯಿ ಹಸಿರಿನ ಗಾಡಿ.
ಎರಡು ಬಾಗಿಲು, ಆರು ಸಿಲಿಂಡರು,
ಇಂಜಿನ್ನು ಬೆನ್ನ ಹಿಂದೆ.
ಮುನ್ನೂರು ದಾಟುತ್ತದಂತೆ.
ಮೀಟರಿನ ಮುಳ್ಳಿಗೆ ಅಷ್ಟು ಜಾಗವನ್ನೂ ಬಿಟ್ಟಿದ್ದಾರೆ.

ಒಡತಿ ಪದ್ಮಾಕ್ಷಮ್ಮ, ಹಲ್ಲು ನೆಟ್ಟಗೆ ಮಾಡುವ ಡಾಕ್ಟರು.
ಇಪ್ಪತ್ತಾರು ವರ್ಷ ಊರ ಬಾಯಿಗೆಲ್ಲ ತಂತಿ ಕಟ್ಟಿ
ಕೊಂಡದ್ದು ಇದನ್ನ.
ಕುರ್ಚಿ ಹಾಕಿಸಿದೆ, ಕೂರಲಿಲ್ಲ.
ನೆರಿಗೆ ಎತ್ತಿ ಸಿಕ್ಕಿಸಿ, ಟಾರ್ಚು ಹಿಡಿದು
ನನ್ನ ಹಿಂದೆಯೇ ಗುಂಡಿಗಿಳಿದರು.
'ನಾನು ಮೇಲಿಂದ ಇಣುಕಿ ನೋಡೋದು,
ನೀವು ಕೆಳಗಿಂದ. ಅಷ್ಟೇ ತಾನೇ?'

ಹೊಟ್ಟೆಯ ತಗಡಿಗೆ ಹತ್ತೊಂಬತ್ತು ಸ್ಕ್ರೂ.
ಒಂದೊಂದನ್ನೂ ಎಣಿಸಿ ಹಾರ್ಲಿಕ್ಸ್ ಬಾಟಲಿಗೆ ಹಾಕಿದೆ.
ಬೋಲ್ಟಿನ ಕೊನೆಯ ಸುತ್ತು ಕಣ್ಣಿಗೆ ಕಾಣಿಸಲ್ಲ,
ಬೆರಳಿಗೆ ತಿಳಿಯುತ್ತೆ.
ಬಿಟ್ಟೆ.
ಮೊದಲು ಹಗ್ಗ,
ಆಮೇಲೆ ದಾರ,
ಆಮೇಲೆ ಹನಿ.
ಹನಿ ನಿಲ್ಲೋವರೆಗೂ ಕಾಯಬೇಕು.
ಅವಸರದವನ ಇಂಜಿನ್ನಿನಲ್ಲಿ ಹಳೆಯದು ಒಂದು ಲೋಟ
ಹೊಸದರ ಜೊತೆ ಸಂಸಾರ ಮಾಡುತ್ತೆ.

ಜಬೀವುಲ್ಲಾ ಉಸ್ತಾದರು ಹೇಳಿಕೊಟ್ಟ ಹಾಗೆ
ಎರಡು ಬೆರಳ ನಡುವೆ ತಿಕ್ಕಿ ನೋಡಿದೆ.
ತೆಳ್ಳಗಾಗಿ ಹೋಗಿತ್ತು.
ಮೂಸಿದೆ. ಪೆಟ್ರೋಲು.

'ದಿನಾ ಎಷ್ಟು ದೂರ ಓಡಿಸ್ತೀರಮ್ಮ?'
'ಜಯನಗರದಿಂದ ಡೇರಿ ಸರ್ಕಲ್ ದಾಟಿ ಕೋರಮಂಗಲ.
ಐದು ಕಿಲೋಮೀಟರು,
ಮುಕ್ಕಾಲು ಗಂಟೆ.'

ಎರಡು ವರ್ಷಕ್ಕೆ ಮೂರು ಸಾವಿರದ ನೂರ ಎಂಟು.
ಕಂಪನಿ ಪುಸ್ತಕದ ಪ್ರಕಾರ ಇದು ಇನ್ನೂ ಎಳೆ ಕೂಸು.
ಎಣ್ಣೆ ಪುಸ್ತಕ ಓದಲ್ಲ.
ಅದಕ್ಕೆ ದೂರ ಗೊತ್ತಿಲ್ಲ, ಹೊತ್ತು ಗೊತ್ತು.
ಸಿಗ್ನಲ್ಲಿಗೆ ಕಾದು, ನೀರಿನ ಲಾರಿಗೆ ಕಾದು,
ಎಡಕ್ಕೆ ತಿರುಗುವ ಬಸ್ಸಿಗೆ ಕಾದು,
ಕಾದು ಕಾದು
ಒಂದು ದಿನವೂ ಸರಿಯಾಗಿ ಕಾಯದೆಯೇ
ಮುದಿಯಾಗಿತ್ತು.

ಬೋಲ್ಟಿನ ತುದಿಯ ಅಯಸ್ಕಾಂತಕ್ಕೆ
ವಿಭೂತಿಯಂಥ ಕಬ್ಬಿಣದ ಹುಡಿ.
ನನ್ನ ಎದೆ ಒಂದು ಕ್ಷಣ ಡವಡವ ಅಂದಿತು.
ಡಾಕ್ಟರಮ್ಮ ಟಾರ್ಚು ಹತ್ತಿರ ತಂದು
ಉಗುರಿನಲ್ಲಿ ಕೆರೆದು ನೋಡಿದರು.
'ಪಾಚಿ ಅಷ್ಟೆ. ಹುಳುಕಲ್ಲ.'
ನಾನು ಹೇಳಬೇಕಾದ ಮಾತು.

ಹೊಸ ವಾಷರು. ಟಾರ್ಕ್ ವ್ರೆಂಚು
ಕಟಕ್ ಅಂದ ಕೂಡಲೆ ಕೈ ತೆಗೆದೆ.
ಇನ್ನೊಂಚೂರು, ಇನ್ನೊಂಚೂರು ಅನ್ನೋ ಕೈಯೇ
ಮರೆ ತಿಂದುಹಾಕೋದು,
ನನ್ನ ಹದಿನೇಳನೇ ವಯಸ್ಸಿನ ಕೈ ಹಾಗೇ ಒಂದನ್ನು ತಿಂದಿದೆ.
ಎಂಟೂವರೆ ಲೀಟರು ಹೊಸ ಎಣ್ಣೆ ಸುರಿದೆ.
ಅದರ ದುಡ್ಡಿನಲ್ಲಿ ನಮ್ಮ ಮನೆಯ ಒಗ್ಗರಣೆ
ಎರಡು ಯುಗಾದಿ ದಾಟುತ್ತಿತ್ತು.

'ಭಾನುವಾರ ಬೆಳಕು ಹರಿಯೋ ಮುಂಚೆ
ನೈಸ್ ರಸ್ತೆಗೆ ಕರ್ಕೊಂಡು ಹೋಗಿ. ಅರ್ಧ ಗಂಟೆ.'
'ಎಷ್ಟು ಸ್ಪೀಡು?'
'ಸ್ಪೀಡು ಬೇಡಮ್ಮ.
ನಿಲ್ಲಿಸಬೇಡಿ, ಅಷ್ಟೆ.'
ಅವರು ನಕ್ಕರು. ಆಮೇಲೆ ನಗು ನಿಲ್ಲಿಸಿ
ಸ್ವಲ್ಪ ಹೊತ್ತು ಸ್ಟೀರಿಂಗಿನ ಮೇಲೆ ಕೈಯಿಟ್ಟು ಕೂತಿದ್ದರು.
ಯಾಕೋ, ಕೇಳಲಿಲ್ಲ.

ಸಾಯಂಕಾಲ ದುರುಗಪ್ಪ ಡಬ್ಬಿ ಒಯ್ದ.
ನಾಲ್ಕನೇ ಅಂತಸ್ತಿನ ತಾರಸಿಗೆ ಹಲಗೆ ಹಾಸುವ ಮುಂಚೆ
ಕಾಂಕ್ರೀಟು ಕಚ್ಚದಿರಲಿ ಅಂತ ಬಟ್ಟೆಯಲ್ಲಿ ಬಳಿಯುತ್ತಿದ್ದ.
'ಭಾಳ ತೆಳ್ಳಗೈತಿ ನೋಡ್ರಿ ಇದು.'
ಹೌದಪ್ಪ ಅಂದೆ.
'ಹಚ್ಚಾಕ ಇಂಥದ್ದ ಛಲೋ.'

ಹಲಗೆಯ ಮೇಲೆ ಟಯರಿನ ಗುರುತು ಇನ್ನೂ ಇತ್ತು.
ಒರೆಸಲಿಲ್ಲ ಅವನು,
ಅದರ ಮೇಲೇ ಬಳಿದ.